ಕೈಯ ಮೇಲೊಂದು ಕೈ

ಬೆಳಿಗ್ಗೆ ಎಂಟರ ಹೊತ್ತಿಗೆ ಮಂಗಳೂರಿನ ಅತ್ತಾವರದ ರಸ್ತೆಯಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಕಾಸರಗೋಡಿನ ಕಡೆಯಿಂದ ರೈಲಿನಲ್ಲಿ ಬಂದು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದ ರೋಗಿಗಳು. ಏಪ್ರನ್ ಮಡಚಿ ತೋಳಿಗೆ ಹಾಕಿಕೊಂಡ ವಿದ್ಯಾರ್ಥಿಗಳು. ಇಬ್ಬರೂ ಹೋಗುವುದು ಆಸ್ಪತ್ರೆಗೇ. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಬೇಕಾದವರು ಒಬ್ಬರಿದ್ದಾರೆ.

ಕಳೆದ ಮಳೆಗಾಲದಲ್ಲಿ ನನ್ನ ಅತ್ತೆಗೆ ಪಾರ್ಶ್ವವಾಯು ಬಡಿದು ಬಲಭಾಗ ಸೋತಿತು. ನಗರದ ಒಂದು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಮೂರು ವಾರ ಮೂಲೆಯ ಕುರ್ಚಿ ನನ್ನದಾಗಿತ್ತು. ಅತ್ತೆಗೆ ತುಳು ಬಿಟ್ಟರೆ ಬೇರೆ ಮಾತು ಒಗ್ಗದು. ಕಲಿಯಲೆಂದು ಪೋಸ್ಟಿಂಗಿಗೆ ಬಂದ ಹುಡುಗಿ ಕಣ್ಣೂರಿನವಳು, ತುಳು ಬಾರದವಳು. ಮೊದಲ ದಿನ ಅವಳು ಸೋತ ತೋಳನ್ನೇ ಹಿಡಿದು ಅತ್ತೆಯನ್ನು ಎಬ್ಬಿಸಲು ಹೋದಳು.

“ನಿಲ್ಲು. ತೋಳು ಎಳೆದರೆ ಭುಜ ಜಾರುತ್ತದೆ” ಎಂದರು ಅವಳಿಗೆ ಕಲಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಮೇಡಂ. ಗದರಲಿಲ್ಲ. ಹುಡುಗಿಯ ಕೈಯ ಮೇಲೆ ತಮ್ಮ ಕೈ ಇಟ್ಟು, ಅದನ್ನು ಅತ್ತೆಯ ಸೊಂಟದ ಹಿಂದಕ್ಕೆ ಒಯ್ದರು. ಅವಳ ಮೊಣಕಾಲನ್ನು ಅತ್ತೆಯ ಸೋತ ಮೊಣಕಾಲಿಗೆ ಆನಿಸಿ ನಿಲ್ಲಿಸಿದರು. ಮೆಲ್ಲ ಏಳಿ ಎಂದು ಅತ್ತೆಗೆ ತುಳುವಿನಲ್ಲೇ ಹೇಳಿದರು: “ಅಮ್ಮ, ಮೆಲ್ಲ ಲಕ್ಕ್‌ಲೆ.” ಅತ್ತೆ ಮುಂದಕ್ಕೆ ಬಾಗಿ, ಎದ್ದು ನಿಂತರು. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ‘ಅ’ ತಿದ್ದಿಸುವುದನ್ನು ನೋಡಿದಂತಾಯಿತು. ಆಮೇಲೆ “ಓಲು ಬೇನೆ?” ಎಂದು ಕೇಳುವುದನ್ನೂ ಅವರೇ ಹೇಳಿಕೊಟ್ಟರು. ನೋವು ಎಲ್ಲಿ ಎಂದು ರೋಗಿಯ ಮಾತಿನಲ್ಲಿ ಕೇಳಲು ಬಾರದಿದ್ದರೆ ಪುಸ್ತಕದ ಓದು ಮಂಚದ ತನಕ ಬಂದು ನಿಂತುಬಿಡುತ್ತದೆ.

ಆದರೆ ಕಾಲು ಗಂಟೆಯ ಕೆಲಸ ಆ ದಿನ ಮುಕ್ಕಾಲು ಗಂಟೆಯಾಯಿತು. ಹೊರಗೆ ಬೆಂಚಿನ ಮೇಲೆ ಏಳು ಜನ ಕಾಯುತ್ತಿದ್ದರು. ಎರಡೂವರೆಯಾದರೂ ಮೇಡಂ ಬುತ್ತಿ ಬಿಚ್ಚಿರಲಿಲ್ಲ. ರೋಗಿಗಳ ಲೆಕ್ಕ ರಿಜಿಸ್ಟರಿನಲ್ಲಿತ್ತು. ಕಲಿಸಿದ ಹೊತ್ತನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಕಲಿಸುವುದನ್ನು ನಿಮಗೆ ಯಾರು ಕಲಿಸಿದರು ಎಂದು ಒಂದು ದಿನ ಕೇಳಿದೆ. “ರೋಗಿಯನ್ನು ಎಬ್ಬಿಸುವುದನ್ನು ನನಗೆ ವರ್ಷಗಟ್ಟಲೆ ಕಲಿಸಿದ್ದಾರೆ. ಎಬ್ಬಿಸಲು ಇನ್ನೊಬ್ಬರಿಗೆ ಕಲಿಸುವುದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ” ಎಂದರು.

ಮಂಚದ ಬದಿಯ ಕಲಿಕೆ ಈ ಊರಿಗೆ ಹೊಸತೇನಲ್ಲ. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿದಾಗ, ಅಲ್ಲಿನ ವಿದ್ಯಾರ್ಥಿಗಳು ರೋಗಿಗಳನ್ನು ಕಂಡು ಕಲಿತದ್ದು ಇಲ್ಲಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾದದ್ದೂ ಅದೇ 1953ರಲ್ಲಿ. ಪೋಲಿಯೊ ಮಕ್ಕಳ ಕಾಲು ಕಸಿಯುತ್ತಿದ್ದ ಕಾಲ ಅದು. 2021ರ ಕಾಯ್ದೆಯಿಂದ ಈ ವೃತ್ತಿಗೆ ರಾಷ್ಟ್ರಮಟ್ಟದ ಆಯೋಗದ ನೆರಳೂ ಸಿಕ್ಕಿದೆ.

ಆದರೆ ಮೇಡಂ ಅವರಂತೆ ಮಂಚದ ಬದಿಯಲ್ಲಿ ಕಲಿಸುವವರಿಗೆ ಬೇಕಾದದ್ದು ಸನ್ಮಾನದ ಶಾಲು ಅಲ್ಲ. ವಿದ್ಯಾರ್ಥಿಗಳು ಜೊತೆಗಿರುವ ದಿನ ಅವರ ಪಟ್ಟಿಯಲ್ಲಿ ರೋಗಿಗಳು ಕಡಿಮೆ ಇರಬೇಕು; ಇದು ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು. ಬರುವ ಬ್ಯಾಚಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಕಾಲೇಜು ಮೊದಲೇ ತಿಳಿಸಬೇಕು, ಕೊನೆಗೆ ಅಂಕಪಟ್ಟಿ ಕೇಳುವುದಕ್ಕೆ ಮುಂಚೆ ನಡುವೆ ಒಮ್ಮೆಯಾದರೂ ಬಂದು ನೋಡಬೇಕು. ಹಿಂದೆ ಬಿದ್ದ ವಿದ್ಯಾರ್ಥಿಯನ್ನು ಪಾಸು ಮಾಡುವುದೋ ಬೇಡವೋ ಎಂಬ ಸಂಕಟ ನಿದ್ದೆ ಕೆಡಿಸುವಂಥದ್ದು. ಅದನ್ನು ಒಬ್ಬರೇ ಹೊರುವಂತಾಗಬಾರದು. ಫೋನು ಮಾಡಿ ಮಾತಾಡಲು ಕಾಲೇಜಿನಲ್ಲಿ ಒಬ್ಬರಿರಬೇಕು. ಅಮೆರಿಕದ ಫಿಸಿಕಲ್ ಥೆರಪಿ ಸಂಘ ಹೀಗೆ ಆಸ್ಪತ್ರೆಯಲ್ಲಿ ಕಲಿಸುವವರಿಗೆಂದೇ ತರಬೇತಿ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಇಷ್ಟೊಂದು ಕಾಲೇಜುಗಳಿರುವ ನಮ್ಮ ಮಂಗಳೂರಿನಲ್ಲಿ, ಎಲ್ಲರೂ ಒಟ್ಟು ಸೇರಿ ಎರಡು ದಿನದ ಅಂಥ ತರಬೇತಿ ನಡೆಸುವುದು ದೊಡ್ಡ ಮಾತಲ್ಲ.

ಮೂರನೇ ವಾರದ ಕೊನೆಗೆ ಅತ್ತೆಯನ್ನು ಎಬ್ಬಿಸಿದ್ದು ಆ ಹುಡುಗಿಯೇ. ಮೇಡಂ ಕೈ ಈ ಸಲ ಅವಳ ಕೈಯ ಮೇಲಿರಲಿಲ್ಲ, ನಾಲ್ಕು ಬೆರಳಿನಷ್ಟು ದೂರದಲ್ಲಿ ಗಾಳಿಯಲ್ಲಿ ಕಾದು ನಿಂತಿತ್ತು. ಅತ್ತೆ ನಿಂತ ಮೇಲೆ ಮೆಲ್ಲನೆ ಕೆಳಗಿಳಿಯಿತು. ಸೋಮವಾರ ಹೊಸ ಬ್ಯಾಚಿನ ಹುಡುಗನೊಬ್ಬ ಬಂದು, ಅತ್ತೆಯ ಬಲತೋಳಿನತ್ತ ಕೈ ಚಾಚಿದ.

“ನಿಲ್ಲು” ಎಂದರು ಮೇಡಂ, ಅದೇ ದನಿಯಲ್ಲಿ.