ಅನ್ನಪಾನನಿರೋಧವೂ ಆನೆಯ ದಾರಿಯೂ

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಗೋವು ಮೊದಲಾದ ಪ್ರಾಣಿಗಳಿಗೆ ಹಸಿವು ನೀರಡಿಕೆಗಳ ಬಾಧೆಯನ್ನುಂಟುಮಾಡುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತಾರೆ. (ನಮ್ಮ ಜಿಲ್ಲೆಯ ಕನಕಗಿರಿಯೊಡನೆ ಪರಂಪರೆಯು ಬೆಸೆದಿರುವುದು ಇದೇ ಆಚಾರ್ಯರನ್ನು.) ವಿಚಾರಿಸಬೇಕಾದುದು 'ಮೊದಲಾದ' ಎಂಬ ಮಾತನ್ನು. ಅದು ಕೊಟ್ಟಿಗೆಯ ಪಶುಗಳಿಗೇ ನಿಲ್ಲುವುದೋ, ನಾವು ಕಟ್ಟಿಹಾಕದ ಕಾಡಾನೆಗೂ ಸಲ್ಲುವುದೋ? ಸತ್ತೇಗಾಲದ ಸೀಮೆಯ ಗೃಹಸ್ಥರಿಗೆ ಇದು ಬರಿಯ ತರ್ಕವಲ್ಲ.

ಇಲ್ಲಿಂದ ಕಾವೇರಿ ಕೆಳಗೆ ಹರಿದಂತೆ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮ. ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟ. ಆಗ್ನೇಯಕ್ಕೆ ಮಲೆ ಮಹದೇಶ್ವರ ಬೆಟ್ಟ. ನಡುವೆ ಊರು, ರಸ್ತೆ, ಹೊಲ. ಇಂತಹ ತುಂಡುಗಾಡಿನಲ್ಲಿ ಪ್ರಾಣಿಯು ಮೇವು ನೀರುಗಳನ್ನಷ್ಟೇ ನೋಡಿ ನೆಲೆಯನ್ನಾರಿಸುವುದಿಲ್ಲ, ನೆರೆಯವರನ್ನೂ ನೋಡುತ್ತದೆ. ಹುಲಿ ಬಲವಾಗಿರುವೆಡೆ ಚಿರತೆಯು ಸಾಮಾನ್ಯವಾಗಿ ಕಾಡಿನಂಚಿಗೆ ಸರಿಯುತ್ತದೆ. ಹೆಣ್ಣಾನೆಗಳ ಹಿಂಡು ಹಿರಿಯಳು ಅರಿತ ಹಾದಿಯನ್ನೇ ಹಿಡಿಯುತ್ತದೆ. 1980ರ ದಶಕದ ಆರಂಭದಲ್ಲಿ ಈ ಭಾಗದ ಆನೆಗಳನ್ನು ಅಭ್ಯಸಿಸಿದ ರಾಮನ್ ಸುಕುಮಾರ್ ಅವರು, ಬೆಳೆಗೆ ಇಳಿಯುವುದರಲ್ಲಿ ಬೆಳೆದ ಗಂಡಾನೆಗಳೇ ಮುಂದೆಂದು ಕಂಡರು. ಮರಿಯುಳ್ಳ ತಾಯಿ ಮನುಷ್ಯನೆಂಬ ನೆರೆಯವನಿಗೆ ಹೆಚ್ಚು ಅಂಜುತ್ತಾಳೆ. ಹೀಗಾಗಿ ದಾರಿ ಮುಚ್ಚಿದಾಗ ಮೊದಲು ಹಿಂದಿರುಗುವವಳು ಕಡಿಮೆ ಅಪರಾಧಿಯಾದ ಅವಳೇ. ದಿನಕ್ಕೆ 100 ಲೀಟರಿಗೂ ಮಿಕ್ಕಿ ನೀರು ಬೇಕಾದ ದೇಹವದು.

ರೈತನ ಪಕ್ಷವನ್ನು ಹಗುರವಾಗಿ ಎಣಿಸಲಾಗದು. ಒಂದೇ ಇರುಳಿನಲ್ಲಿ ವರುಷದ ರಾಗಿ ಹೋದವನಿಗೆ, ಮನೆಯವನನ್ನೇ ಆನೆಗೆ ಕಳೆದುಕೊಂಡವಳಿಗೆ, ಶಾಸ್ತ್ರ ಹೇಳಲು ನಾಲಗೆ ಏಳದು. ಬೆಳೆಯ ರಕ್ಷಣೆಯಲ್ಲಿ ಒದಗುವುದು ವಿರೋಧಿ ಹಿಂಸೆ. ಗೃಹಸ್ಥನಿಗೆ ಅದರ ಪೂರ್ಣತ್ಯಾಗವನ್ನು ವಿಧಿಸಿಲ್ಲ. ಬೆಳೆಯ ಸುತ್ತ ಸೌರಬೇಲಿ ಹಾಕಿದವನನ್ನು ನಾನು ದೂಷಿಸಲಾರೆ. ಆದರೆ ಕಂಬದ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದನ್ನು ಕಾಯಿದೆಯೂ ನಿಷೇಧಿಸಿದೆ. ಕೊಲ್ಲುವುದೆಂದು ತಿಳಿದೇ ಒಡ್ಡಿದ ಆ ತಂತಿ ಸಂಕಲ್ಪಿ ಹಿಂಸೆಗೆ ತೀರ ಸಮೀಪ. ಇವೆರಡರ ನಡುವೆ ಮೂರನೆಯದೊಂದಿದೆ: ಬೆಳೆಯೇ ಇಲ್ಲದ ಬೀಳುನೆಲಕ್ಕೆ, ಮುಂದೆ ಬೆಲೆ ಬಂದೀತೆಂದು, ಆನೆದಾರಿಗೆ ಅಡ್ಡಲಾಗಿ ಹಾಕಿದ ಬೇಲಿ. ಇಲ್ಲಿ ಕಾಯಲು ಪೈರಿಲ್ಲ, ಪರಿಗ್ರಹವೊಂದೇ ಇದೆ. ಅನ್ನಪಾನನಿರೋಧವೆಂಬ ಹೆಸರು ಇದಕ್ಕೆ ಸಲ್ಲದಿದ್ದರೆ ಇನ್ನಾವುದಕ್ಕೆ ಸಲ್ಲಬೇಕು?

ಬಿಳಿಗಿರಿರಂಗನ ಬೆಟ್ಟವನ್ನು ಪೂರ್ವದ ಕಾಡುಗಳಿಗೆ ಬೆಸೆಯುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಜಮೀನನ್ನು ಕ್ರಯಕ್ಕೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿತು. ಮಾರಿದವರು ದಾನ ಮಾಡಲಿಲ್ಲ, ಹಣ ಪಡೆದರು; ಅದರಿಂದ ಆ ಕಾರ್ಯ ಕುಂದಿತೆಂದು ನಾನೆಣಿಸೆನು. ಮನೆಮಂದಿಯ ಅನ್ನಪಾನವೂ ಆ ಜಮೀನಿನಿಂದಲೇ ನಡೆಯಬೇಕಾಗಿತ್ತಲ್ಲವೆ?