ಕಂಡವರ ಹೊಣೆ

ಕಣ್ಣಿಗೆ ಬಿದ್ದುದೆಲ್ಲವನ್ನೂ ಬಾಯಿಂದ ಆಡಬೇಕೆಂಬ ನಿಯಮವಿಲ್ಲ. ಲೋಕವ್ಯವಹಾರ ಸಾಗುವುದೇ ಎಷ್ಟೋ ಸಂಗತಿಗಳನ್ನು ಕಂಡೂ ಕಾಣದವರಂತೆ ಇರುವುದರಿಂದ. ನೆರೆಮನೆಯ ಜಗಳ ಕಿವಿಗೆ ಬಿದ್ದರೂ ಬೀಳದವರಂತೆ ನಡೆದುಕೊಳ್ಳುವುದನ್ನು ನಾವು ಸಭ್ಯತೆಯೆಂದೇ ಕರೆಯುತ್ತೇವೆ. ಆದರೆ ಒಬ್ಬನು ಯಾರೂ ಕೇಳಿಕೊಳ್ಳದೆ, ಸಂಬಳವಿಲ್ಲದೆ, ತಾನಾಗಿಯೇ ಒಂದು ಗುಡ್ಡವನ್ನು ವಾರವಾರವೂ ಹೋಗಿ ನೋಡುವ ವ್ರತವನ್ನು ಕೈಗೊಂಡನೆನ್ನೋಣ. ಆ ಗುಡ್ಡಕ್ಕೆ ಕೇಡು ಬಂದಾಗ ಸುಮ್ಮನಿರುವ ಸ್ವಾತಂತ್ರ್ಯ ಅವನಿಗೆ ಉಳಿಯುತ್ತದೆಯೆ? ತಾನು ನೋಡಿದ್ದು ಸಾಲದೆಂದು ಮಕ್ಕಳನ್ನೂ ಕರೆದೊಯ್ದು ನೋಡುವುದನ್ನು ಕಲಿಸಿದ್ದರೆ, ಆ ಮಕ್ಕಳು ಕಂಡುದಕ್ಕೆ ಹೊಣೆ ಯಾರು? ಕಾಸರಗೋಡಿನ ಈ ಉತ್ತರ ಭಾಗದಲ್ಲಿ ಪ್ರಕೃತಿವೀಕ್ಷಣೆಗಾಗಿ ಕೂಡುವ ನಮ್ಮ ಸಣ್ಣ ಬಳಗದಲ್ಲಿ ಈ ಪ್ರಶ್ನೆ ಎದ್ದು, ಒಂದು ಬೇಸಗೆಯುದ್ದಕ್ಕೂ ನಮ್ಮನ್ನು ಕಾಡಿತು. ವಾಚಕರ ಮುಂದಿಡುವುದಕ್ಕೆ ಅದು ತಕ್ಕ ವಿಷಯವೆಂದು ತೋರಿದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಬಳಗವೆಂದರೆ ದೊಡ್ಡದೇನೂ ಅಲ್ಲ. ಇಬ್ಬರು ಉಪಾಧ್ಯಾಯರು, ಒಬ್ಬ ಅಂಚೆ ನೌಕರರು, ಅಡಕೆ ಕೃಷಿಕರು ಕೆಲವರು, ನಿವೃತ್ತರಾಗಿ ಮನೆಯಲ್ಲಿ ಕುಳಿತಿರಲಾರದವರು ಕೆಲವರು. ಕನ್ನಡ ಶಾಲೆಯ ಆರು ಏಳನೆಯ ತರಗತಿಯ ಮಕ್ಕಳನ್ನು ಆದಿತ್ಯವಾರಗಳಲ್ಲಿ ಪಾರೆಗೆ ಕರೆದೊಯ್ಯುವುದು ನಮ್ಮ ಕೆಲಸ. ಪಾರೆಯೆಂದರೆ ಮುರಕಲ್ಲಿನ ಬೋಳು ಹಾಸು. ಹೊರಗಿನವರ ಕಣ್ಣಿಗೆ ಅದು ಬರಡು ಭೂಮಿ. ಕಂದಾಯದ ಕಾಗದದಲ್ಲಿಯೂ ಹಲವು ಕಡೆ ಹಾಗೆಯೇ ಬರೆದಿರುತ್ತದೆ. ಆದರೆ ಮಳೆಗಾಲದಲ್ಲಿ ಅದರ ತಗ್ಗುಗಳೆಲ್ಲ ಪಳ್ಳಗಳಾಗಿ ತುಂಬಿ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಕಲ್ಲಿನ ಮೇಲೆ ನೀಲಿಯ ಹಾಸು ಹಾಸಿದಂತೆ ಒಂದು ಪುಟ್ಟ ಹೂ ಅರಳುತ್ತದೆ. ಮಲಯಾಳಿಗಳು ಕಾಕ್ಕಪ್ಪೂ ಎಂದು ಓಣಂ ರಂಗವಲ್ಲಿಗೆ ಕೊಯ್ಯುವ ಹೂ ಅದೇ. ಆ ಗಿಡಕ್ಕೆ ಬೇಕಾದ ಸಾರವು ಕಲ್ಲಿನಲ್ಲಿ ಸಿಕ್ಕದು. ಆದುದರಿಂದ ನೀರಿನಡಿಯ ಸಣ್ಣ ಸಣ್ಣ ಚೀಲಗಳಿಂದ ಕಣ್ಣಿಗೆ ಕಾಣದಷ್ಟು ಕಿರಿಯ ಜಂತುಗಳನ್ನು ಹಿಡಿದು ಅರಗಿಸಿಕೊಳ್ಳುತ್ತದೆ. ಇಷ್ಟನ್ನು ಹೇಳಿದರೆ ಸಾಕು, ಪಾಠದ ಮನೆಯಲ್ಲಿ ತೂಕಡಿಸುವ ಹುಡುಗನೂ ಮೊಣಕಾಲೂರಿ ನೀರಿಗೆ ಮುಖವಿಡುತ್ತಾನೆ.

ಪಾರೆಯ ಮೇಲೆ ಬಿದ್ದ ಮಳೆಯೇ ಕಲ್ಲಿನ ರಂಧ್ರಗಳಲ್ಲಿ ಇಳಿದು ಕೆಳಗಿನ ತೋಟಗಳ ಬಾವಿಗೂ ಸುರಂಗಕ್ಕೂ ಬರುವುದೆಂಬುದನ್ನು ನಮ್ಮ ಕೃಷಿಕರಿಗೆ ಯಾರೂ ಕಲಿಸಬೇಕಾಗಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಏಪ್ರಿಲ್ ತಿಂಗಳಿಗೆ ಕೊಡಪಾನ ಹಿಡಿದು ಅಲೆಯಬೇಕಾಗುವ ಮನೆಗಳಿವೆ.

ಹೆಸರುಗಳ ಸಂಗತಿ ಬೇರೆಯೇ ಒಂದು ವಿನೋದ. ಒಂದೇ ಹಕ್ಕಿಯನ್ನು ಒಬ್ಬ ಹುಡುಗ ಕೆಂಬೂತವೆನ್ನುತ್ತಾನೆ, ಪಕ್ಕದವನು ತುಳುವಿನಲ್ಲಿ ಕುಪ್ಪುಳು ಎನ್ನುತ್ತಾನೆ, ಮೂರನೆಯವನು ಚೆಂಬೋತ್ತ್ ಎನ್ನುತ್ತಾನೆ. ಮೂರನ್ನೂ ಬರೆದುಕೊಳ್ಳಿರೆಂದೇ ನಾವು ಹೇಳುವುದು. ಗಡಿನಾಡಿನವರಿಗೆ ಒಂದು ವಸ್ತುವಿಗೆ ಮೂರು ಹೆಸರಿರುವುದು ಬಡತನವಲ್ಲ.

ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿ ಎರಡು ಅಂಕಣಗಳಿವೆ: ‘ಕಂಡದ್ದು’, ‘ಊಹಿಸಿದ್ದು’. ಇವೆರಡನ್ನು ಬೆರೆಸಬಾರದೆಂಬುದೊಂದೇ ನಮ್ಮ ಕಟ್ಟುನಿಟ್ಟು. ಹಕ್ಕಿ ಕೂಗಿದರೆ ‘ಕೂಗಿತು’ ಎಂದು ಬರೆಯಬೇಕು. ‘ಹೆದರಿ ಕೂಗಿತು’ ಎಂದು ತೋರಿದರೆ ಹೆದರಿಕೆಯು ಎರಡನೆಯ ಅಂಕಣಕ್ಕೆ ಹೋಗಬೇಕು. ದೊಡ್ಡವರಾದ ನಮಗೇ ಇದು ಸುಲಭವಲ್ಲ. ನಮ್ಮ ಸಭೆ ಸಮಾರಂಭಗಳ ಭಾಷಣಗಳಲ್ಲಿ ಎರಡನೆಯ ಅಂಕಣವೇ ಹೆಚ್ಚಾಗಿರುವುದನ್ನು ವಾಚಕರು ಬಲ್ಲರು.

ಒಂದು ಮಾರ್ಚ್ ತಿಂಗಳಲ್ಲಿ ಒಬ್ಬ ಹುಡುಗನು ಬರೆದದ್ದು ಹೀಗಿತ್ತು: ಟಿಟ್ಟಿಭದ ಮೊಟ್ಟೆ 4, ಕಲ್ಲು ಕೊಯ್ಯುವ ಯಂತ್ರದಿಂದ 22 ಹೆಜ್ಜೆ. ಟಿಟ್ಟಿಭವು ಗೂಡು ಕಟ್ಟುವ ಹಕ್ಕಿಯಲ್ಲ. ಬರಿನೆಲದಲ್ಲಿ ನಾಲ್ಕು ಹರಳುಗಳ ನಡುವೆ ಮೊಟ್ಟೆಯಿಟ್ಟು ಮೊಟ್ಟೆಯ ಬಣ್ಣವನ್ನೇ ನಂಬಿ ಕೂರುತ್ತದೆ. ಮುಂದಿನ ಆದಿತ್ಯವಾರದ ಟಿಪ್ಪಣಿ: ಮೊಟ್ಟೆ ಇಲ್ಲ, ಯಂತ್ರ ಆ ಜಾಗದಲ್ಲಿದೆ. ಊಹೆಯ ಅಂಕಣವನ್ನು ಅವನು ಖಾಲಿ ಬಿಟ್ಟಿದ್ದನು. ಆ ಯಂತ್ರವನ್ನು ನಡೆಸುವವರು ಅವನ ತಂದೆ.

ನಮ್ಮಲ್ಲಿ ವಾದ ಹುಟ್ಟಿದುದು ಇಲ್ಲಿ. ಆ ಕೋರೆಯು ವರ್ಷದಿಂದ ವರ್ಷಕ್ಕೆ ಪಾರೆಯ ನಡುವಿನ ದೊಡ್ಡ ಪಳ್ಳದತ್ತ ಸರಿಯುತ್ತಿತ್ತು. ಅದಕ್ಕೆ ಎಲ್ಲಿಯವರೆಗೆ ಅನುಮತಿಯಿದೆಯೆಂದು ಪಂಚಾಯತನ್ನು ಕೇಳೋಣ, ಮಕ್ಕಳ ಟಿಪ್ಪಣಿಗಳನ್ನೇ ಸಾಕ್ಷ್ಯವಾಗಿ ಲಗತ್ತಿಸೋಣವೆಂದು ಕೆಲವರೆಂದರು. ಬೇಡವೆಂದವರ ಮಾತಿನಲ್ಲಿಯೂ ಸತ್ತ್ವವಿತ್ತು. ನಾವು ಕಲಿಸಲು ಬಂದವರು, ಕಾದಲು ಬಂದವರಲ್ಲ. ಇಂದು ಅರ್ಜಿ ಕೊಟ್ಟರೆ ನಾಳೆ ನಮ್ಮೊಡನೆ ಮಕ್ಕಳನ್ನು ಕಳುಹಿಸಲು ತಾಯ್ತಂದೆಯರು ಅಂಜುವರು. ಒಂದು ಪಳ್ಳವನ್ನು ಉಳಿಸಹೋಗಿ ನೂರು ಮಕ್ಕಳ ಕಣ್ಣನ್ನು ಮುಚ್ಚಿದಂತಾಗುವುದು. ತಾಳ್ಮೆಯಿಂದ ಲೆಕ್ಕ ಬರೆದಿಟ್ಟರೆ ಲೆಕ್ಕವೇ ಒಂದು ದಿನ ಮಾತಾಡುವುದು. ಇದು ಹೇಡಿಗಳ ವಾದವೆಂದು ನಾವು ತಿಳಿದಿಲ್ಲ. 2015ರಿಂದ 2020ರವರೆಗೆ ಕೇರಳದ ಉದ್ದಗಲಕ್ಕೂ ನಡೆದ ಪಕ್ಷಿಗಣನೆಯಲ್ಲಿ ಸಾವಿರಕ್ಕೂ ಮಿಕ್ಕಿದ ಸ್ವಯಂಸೇವಕರು ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಗೊತ್ತುಪಡಿಸಿದ ಸ್ಥಳಗಳಿಗೆ ಹೋಗಿ, 361 ಜಾತಿಯ ಹಕ್ಕಿಗಳ ಸುಮಾರು ಮೂರು ಲಕ್ಷ ದಾಖಲೆಗಳನ್ನು ಕೂಡಿಸಿದರು. ಆ ಬರಹದಲ್ಲಿ ಕೋಪವಿಲ್ಲ, ಯಾರ ಮೇಲೆಯೂ ದೂರಿಲ್ಲ. ಆದರೂ ಇನ್ನು ಮುಂದೆ ಯಾವನಾದರೂ ‘ಇಲ್ಲಿ ಈ ಹಕ್ಕಿ ಇದ್ದೇ ಇರಲಿಲ್ಲ’ ಎಂದರೆ ಅವನಿಗೆ ಉತ್ತರ ಸಿದ್ಧವಾಗಿದೆ.

ಆದರೆ ಲೆಕ್ಕವು ತಾನಾಗಿ ಮಾತಾಡುವುದೆಂಬ ಮಾತನ್ನು ಮಾತ್ರ ಕಾಸರಗೋಡಿನವರಾದ ನಾವು ಸುಲಭವಾಗಿ ಒಪ್ಪಲಾರೆವು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಈ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮೊದಲು ಕಂಡವರು ವಿಜ್ಞಾನಿಗಳಲ್ಲ. ಜೇನು ಕಡಿಮೆಯಾಯಿತೆಂದು ಕಂಡವರು, ತೋಡಿನಲ್ಲಿ ಮೀನು ಸತ್ತು ತೇಲುವುದನ್ನು ಕಂಡವರು, ಸೊಟ್ಟ ಕಾಲಿನ ಕರುಗಳು ಹುಟ್ಟುವುದನ್ನು ಕಂಡವರು ಹಳ್ಳಿಯ ಕೃಷಿಕರು. ಆ ಕರುಗಳ ಸಂಗತಿಯನ್ನು ಪತ್ರಿಕೆಗೆ ಬರೆದವರು ಕನ್ನಡಿಗರಾದ ಶ್ರೀ ಪಡ್ರೆಯವರು. ಪಡ್ರೆಯ ಸುತ್ತಿನ ರೋಗಿಗಳಲ್ಲಿ ಅಸಹಜವಾದುದನ್ನು ಗುರುತಿಸಿ ಬರೆದವರು ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು. 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವರು ಕೃಷಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮನವರು. ದೇಶದ ಸರ್ವೋಚ್ಚ ನ್ಯಾಯಾಲಯವು ಆ ವಿಷದ ತಯಾರಿಕೆಯನ್ನೂ ಮಾರಾಟವನ್ನೂ ತಡೆದದ್ದು 2011ರಲ್ಲಿ; ಪಟ್ಟಿಯಲ್ಲಿದ್ದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿದ್ದು 2017ರಲ್ಲಿ. ಕರುವಿನ ಕಾಲಿಗೂ ಈ ಆಜ್ಞೆಗೂ ನಡುವೆ ಒಂದು ತಲೆಮಾರೇ ಕಳೆದುಹೋಯಿತು.

ಈ ಚರಿತ್ರೆಯಿಂದ ನಮಗೆ ತೋರುವುದು ಎರಡು. ಕಂಡವರು ಆಡದಿದ್ದರೆ ಯಾವ ಕಾಗದವೂ ಎದ್ದು ನಡೆಯುತ್ತಿರಲಿಲ್ಲವೆಂಬುದು ಒಂದು. ಇನ್ನೊಂದು ಇಷ್ಟೇ ಮುಖ್ಯವಾದದ್ದು. ಯಾವ ವ್ಯಾಧಿಗೆ ಆ ವಿಷವೇ ಕಾರಣ, ಯಾವುದಕ್ಕೆ ಅಲ್ಲ ಎಂಬ ವಾದವು ವರ್ಷಗಟ್ಟಲೆ ಎಳೆಯಿತು. ಸಿಂಪಡಿಸುವುದಕ್ಕೆ ಮೊದಲು ಆ ಹಳ್ಳಿಗಳಲ್ಲಿ ಜೇನೆಷ್ಟು, ಕಪ್ಪೆಯೆಷ್ಟು, ತೋಡಿನ ಮೀನೆಷ್ಟು ಎಂದು ಆದಿತ್ಯವಾರಕ್ಕೊಮ್ಮೆ ಬರೆದಿಟ್ಟ ಒಂದು ಪುಸ್ತಕವಿದ್ದಿದ್ದರೆ, ಆಡಿದವರ ಬಾಯಿಗೆ ಎಷ್ಟು ಬಲ ಬರುತ್ತಿತ್ತು! ಎರಡು ಅಂಕಣದ ಶಿಸ್ತು ಮಕ್ಕಳಾಟವಲ್ಲವೆಂದು ನಾವು ಹೇಳುವುದು ಇದಕ್ಕಾಗಿ. ಊಹೆಯನ್ನು ಕಂಡುದರೊಡನೆ ಬೆರೆಸಿದ ಸಾಕ್ಷಿಯನ್ನು ಎದುರು ವಕೀಲನು ಒಂದು ಪ್ರಶ್ನೆಯಲ್ಲಿ ಉರುಳಿಸಿಬಿಡುವನು.

ಕಲಿಸುವವನಿಗೂ ಆಡುವವನಿಗೂ ಹಗೆಯಿದೆಯೆಂಬುದನ್ನೂ ನಮ್ಮ ಸುತ್ತಿನ ಹಿರಿಯರ ಬಾಳು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದೊಡನೆ ಸಿಗುವ ಪಯ್ಯನ್ನೂರಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಜಾನ್ ಸಿ. ಜೇಕಬರು ವಿದ್ಯಾರ್ಥಿಗಳನ್ನು ಬೆಟ್ಟಕಾಡುಗಳಿಗೆ ಕರೆದೊಯ್ದು ಶಿಬಿರಗಳನ್ನು ನಡೆಸಿದರು. 1979ರಲ್ಲಿ ಅಲ್ಲಿ ಹುಟ್ಟಿದ ‘ಸೀಕ್’ ಎಂಬ ಸಂಸ್ಥೆಗೆ ಅವರೇ ಮೂಲಪುರುಷರು. ಸೈಲೆಂಟ್ ವ್ಯಾಲಿಯ ಜಲವಿದ್ಯುತ್ ಯೋಜನೆಯನ್ನು ಪ್ರಶ್ನಿಸಿದವರಲ್ಲಿ ಕಾಲೇಜು ಅಧ್ಯಾಪಕರು ಮುಂದಾಳುಗಳಾಗಿದ್ದರು. ಆ ಕಾಡು 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇತ್ತ ಪುತ್ತೂರಿನಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದ ಶಿವರಾಮ ಕಾರಂತರು ಮುಪ್ಪಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು, 1989ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತು ಸೋತರು. ಸೋತರೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆಡಿದವನು ಗೆಲ್ಲುವನೆಂಬ ಭರವಸೆಯ ಮೇಲೆ ಈ ಧರ್ಮ ನಿಂತಿಲ್ಲ.

ಇಷ್ಟಾದರೂ ಆ ಹುಡುಗನ ಪುಸ್ತಕದ ಪ್ರಶ್ನೆ ಹಾಗೆಯೇ ಉಳಿಯಿತು. ಮೇಲೆ ಹೆಸರಿಸಿದವರೆಲ್ಲರೂ ಪ್ರಾಪ್ತವಯಸ್ಕರು. ತಮ್ಮ ಮಾತಿನ ಬೆಲೆಯನ್ನು ತಿಳಿದು ಆಡಿದವರು. ಹನ್ನೆರಡು ವರ್ಷದ ಹುಡುಗನು ಮೊಟ್ಟೆಯನ್ನು ಎಣಿಸಿದ್ದು ತಂದೆಯ ಮೇಲೆ ಸಾಕ್ಷಿ ನುಡಿಯುವುದಕ್ಕಲ್ಲ. ಅವನ ಬರಹವನ್ನು ಅರ್ಜಿಗೆ ಲಗತ್ತಿಸಿದರೆ ಅದು ನಿಜವಾಗಿಯೇ ಇರುತ್ತದೆ. ಆದರೆ ಆ ನಿಜದ ಭಾರವನ್ನು ರಾತ್ರಿ ಊಟದ ಹೊತ್ತಿಗೆ ಹೊರುವವನು ಅವನು, ನಾವಲ್ಲ. ಮಕ್ಕಳನ್ನು ಮುಂದಿಟ್ಟು ದೊಡ್ಡವರನ್ನು ನಾಚಿಸುವ ಉಪಾಯವು ಈಗ ಬಹಳ ಕಡೆ ಮೆಚ್ಚುಗೆ ಪಡೆದಿದೆ. ಫಲಕ ಹಿಡಿದ ಎಳೆಯರ ಭಾವಚಿತ್ರ ಪತ್ರಿಕೆಗೆ ಒಪ್ಪುತ್ತದೆ. ನಮಗೆ ಅದು ಒಪ್ಪುವುದಿಲ್ಲ. ಮಗುವಿಗೆ ಕಣ್ಣು ಕೊಟ್ಟವನು ಅದರ ಬಾಯನ್ನು ತನ್ನ ಕೆಲಸಕ್ಕೆ ಎರವಲು ಪಡೆಯಬಾರದು. ಹಾಗೆಂದು ಪುಸ್ತಕವನ್ನು ಮುಚ್ಚಿಸುವುದೂ ಸಲ್ಲದು: ಕಂಡುದನ್ನು ಬರೆ ಎಂದು ಹೇಳಿಕೊಟ್ಟು, ತೊಡಕಾದಾಗ ಇದನ್ನು ಬಿಡು ಎಂದರೆ ಅವನು ಕಲಿಯುವ ಪಾಠವೇ ಬೇರೆ.

ಈ ನಡುವೆ ಹುಡುಗನ ತಂದೆಯೇ ಒಂದು ಸಂಜೆ ಶಾಲೆಗೆ ಬಂದರು. ಸಿಟ್ಟಿನಿಂದಲ್ಲ. “ಅವ ಬರೆದದ್ದು ಸುಳ್ಳಲ್ಲ ಮಾಷ್ಟ್ರೆ. ನಾನು ಮೊಟ್ಟೆ ನೋಡ್ಲಿಲ್ಲ. ನೋಡಿದ್ರೂ ಯಂತ್ರ ನಿಲ್ಲಿಸ್ಲಿಕ್ಕೆ ನನ್ನ ಕೈಯಲ್ಲಿ ಉಂಟಾ? ಈ ಶಾಲೆಯ ಗೋಡೆ ಯಾವ ಕಲ್ಲಿನದ್ದು, ನೀವೇ ಹೇಳಿ” ಎಂದರು. ಗೋಡೆ ಮುರಕಲ್ಲಿನದೇ. ನಮ್ಮ ಮನೆಗಳೂ ಅದರವೇ. ಬಳಗದಲ್ಲಿ ಯಾರೊಬ್ಬರೂ ಈ ಮಾತಿಗೆ ಚೆನ್ನಾದ ಉತ್ತರವನ್ನು ಇದುವರೆಗೆ ಕೊಟ್ಟಿಲ್ಲ. ಕಲ್ಲೇ ಬೇಡವೆನ್ನುವವರು ನಾವಲ್ಲ. ಪಳ್ಳವಿರುವಲ್ಲಿ ಬೇಡ, ನೀರಿಳಿಯುವಲ್ಲಿ ಬೇಡ ಎನ್ನಬಹುದು. ಅಷ್ಟನ್ನು ಹೇಳುವುದಕ್ಕೂ ಎಲ್ಲಿ ನೀರಿಳಿಯುತ್ತದೆಂದು ಅಳೆದವರು ಬೇಕು. ದಿನಗೂಲಿಯವರ ಹೊಟ್ಟೆಯ ಪ್ರಶ್ನೆಯನ್ನು ಹಕ್ಕಿಯ ಪ್ರಶ್ನೆಗಿಂತ ಕೀಳೆಂದು ತಿಳಿದು ಅಳೆಯಹೊರಟರೆ ಅಳತೆ ಸರಿಯಾಗಲಾರದು.

ಆ ಮಳೆಗಾಲದಲ್ಲಿ ನಾವು ಐವರು ದೊಡ್ಡವರೇ ಹೋಗಿ ಪಳ್ಳದ ಉದ್ದಗಲಗಳನ್ನು ಹಗ್ಗ ಹಿಡಿದು ಅಳೆದೆವು. ಕೆಳಗಿನ ಮನೆಗಳಿಗೆ ಹೋಗಿ ಯಾವ ಬಾವಿಯಲ್ಲಿ ಯಾವ ತಿಂಗಳವರೆಗೆ ನೀರಿರುವುದೆಂದು ಕೇಳಿ ಬರೆದುಕೊಂಡೆವು. ಅರ್ಜಿಯಲ್ಲಿ ಪಳ್ಳದ ಸಂಗತಿಯೂ ಬಾವಿಗಳ ಸಂಗತಿಯೂ ಇದ್ದವು. ಟಿಟ್ಟಿಭದ ಮಾತು ಒಂದೇ ವಾಕ್ಯ. ಕೆಳಗೆ ನಮ್ಮ ಐವರ ರುಜು, ವಿಳಾಸ ಸಹಿತ. ರುಜು ಹಾಕಲೊಲ್ಲದವರು ಬಳಗವನ್ನು ಬಿಟ್ಟು ಹೋಗಲಿಲ್ಲ, ಅವರನ್ನು ನಾವು ಕಡಿಮೆಯೆಂದು ಎಣಿಸಲೂ ಇಲ್ಲ. ಅವರಲ್ಲಿ ಒಬ್ಬರು ಹಗ್ಗದ ತುದಿ ಹಿಡಿದಿದ್ದರು. ಪಂಚಾಯತಿನಿಂದ ಸ್ವೀಕೃತಿಯ ಕಾಗದ ಬಂದಿದೆ. ಸ್ಥಳ ಪರಿಶೀಲನೆ ಆಗಬೇಕಾಗಿದೆ. ಹುಡುಗನ ಪುಸ್ತಕ ಶಾಲೆಯ ಕಪಾಟಿನಲ್ಲಿ ಉಳಿದವುಗಳ ಜೊತೆಗಿದೆ. ಕಳೆದ ಆದಿತ್ಯವಾರ ಅವನು ಪಾರೆಯ ತೆಂಕು ಬದಿಯಲ್ಲಿ ಎರಡು ಟಿಟ್ಟಿಭಗಳನ್ನು ಕಂಡು ಬರೆದಿದ್ದಾನೆ. ಊಹೆಯ ಅಂಕಣದಲ್ಲಿ ‘ಅವೇ ಇರಬಹುದು’ ಎಂದಿದೆ.