ಹಾರದೆ ಉಳಿಯುವ ಧೈರ್ಯ

1989ರ ಮಾರ್ಚ್ 10, ಕೆನಡಾದ ಥಂಡರ್ ಬೇ ನಿಲ್ದಾಣ. ಏರ್ ಒಂಟಾರಿಯೊದ ಫೋಕರ್ ಎಫ್-28 ಹೊರಡಲು ಸಿದ್ಧವಾಗಿತ್ತು. ರದ್ದಾದ ಇನ್ನೊಂದು ವಿಮಾನದ ಪ್ರಯಾಣಿಕರನ್ನೂ ಅದಕ್ಕೇ ಹತ್ತಿಸಿದ್ದರಿಂದ ತೂಕ ಮಿತಿ ಮೀರಿತು. ಹೆಚ್ಚಿನವರನ್ನು ಇಳಿಸಬೇಕೆಂದರು ಕ್ಯಾಪ್ಟನ್. ಜನ ಇರಲಿ, ಇಂಧನ ಇಳಿಸಿ ಎಂದಿತು ಕಂಪನಿ. ಅವರು ಒಪ್ಪಿಕೊಂಡರು.

ಹೀಗಾಗಿ ದಾರಿಯ ನಡುವಿನ ಡ್ರೈಡನ್‌ನಲ್ಲಿ ಮತ್ತೆ ಇಂಧನ ತುಂಬಿಸಬೇಕಾಯಿತು. ಎಂಜಿನ್ ಚಾಲೂ ಮಾಡಲು ನೆರವಾಗುವ ಸಹಾಯಕ ಯಂತ್ರ ಮೊದಲೇ ಕೆಟ್ಟಿತ್ತು. ಆ ಸಣ್ಣ ಊರಿನಲ್ಲಿ ಬದಲಿ ವ್ಯವಸ್ಥೆ ಇರಲಿಲ್ಲ. ಎಂಜಿನ್ ನಿಲ್ಲಿಸಿದರೆ ವಿಮಾನ ಅಲ್ಲೇ ಬಾಕಿ. ನಿಲ್ಲಿಸದೆ ರೆಕ್ಕೆಯ ಹಿಮ ತೆಗೆಸುವಂತಿರಲಿಲ್ಲ. ಹಿಮ ಬೀಳುತ್ತಲೇ ಇತ್ತು. ರೆಕ್ಕೆಯ ಮೇಲೆ ಹಿಮ ಹೊತ್ತೇ ವಿಮಾನ ಹೊರಟಿತು, ರನ್‌ವೇ ದಾಟಿದ್ದೇ ಮರಗಳಿಗೆ ಬಡಿಯಿತು. ಒಳಗಿದ್ದ 69 ಮಂದಿಯಲ್ಲಿ 24 ಜನ ಸತ್ತರು; ಕ್ಯಾಪ್ಟನ್ ಕೂಡ.

ವಿಮಾನದ ವಿಷಯದಲ್ಲಿ ಕ್ಯಾಪ್ಟನ್ನರ ಮಾತೇ ಅಂತಿಮ ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಅಂದು ಆ ಅಧಿಕಾರವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಥಂಡರ್ ಬೇಯಲ್ಲಿ ಅವರು ಬಿಟ್ಟುಕೊಟ್ಟದ್ದು ಬರೀ ತೂಕದ ಲೆಕ್ಕ, ಅದೂ ನಿಯಮದೊಳಗೇ. ಅಲ್ಲಿ ಹಟ ಹಿಡಿದಿದ್ದರೆ ಹತ್ತು ಜನರ ಗೊಣಗಾಟಕ್ಕೆ ಮುಗಿಯುತ್ತಿತ್ತು. ಡ್ರೈಡನ್‌ಗೆ ಬರುವಷ್ಟರಲ್ಲಿ ‘ಆಗುವುದಿಲ್ಲ’ ಎನ್ನುವುದು ತೀರಾ ದುಬಾರಿಯಾಗಿತ್ತು: ತಡವಾದ ವಿಮಾನ, ಮಾರ್ಚ್ ರಜೆಗೆ ಹೊರಟ ಸಂಸಾರಗಳು, ಮುಂದಿನ ವಿಮಾನ ತಪ್ಪುವ ಆತಂಕ.

ವಿಚಾರಣೆ ನಡೆಸಿದ ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಸತ್ತ ಪೈಲಟ್‌ನ ತಲೆಗೆ ಎಲ್ಲವನ್ನೂ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಕಂಪನಿಯನ್ನೂ ಸರ್ಕಾರದ ಇಲಾಖೆಯನ್ನೂ ಹೊಣೆಯಾಗಿಸಿದರು. ಆ ವಿಮಾನದಲ್ಲಿ ಪ್ರಯಾಣಿಕರಾಗಿ ಇಬ್ಬರು ಪೈಲಟ್‌ಗಳೂ ಕುಳಿತಿದ್ದರು. ರೆಕ್ಕೆಯ ಹಿಮ ಕಂಡರೂ ಅವರು ಕಾಕ್‌ಪಿಟ್‌ಗೆ ಹೇಳಿ ಕಳಿಸಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ತಪ್ಪಿ ಹಾರಿದರೆ ಅವಶೇಷಗಳಾದರೂ ಸಾಕ್ಷಿ ಹೇಳುತ್ತವೆ. ಹಾರದೆ ಉಳಿದ ಕ್ಯಾಪ್ಟನ್ನರ ಪರ ಯಾವ ಸಾಕ್ಷಿಯೂ ಇಲ್ಲ. ಅಪಘಾತವೇ ಆಗಲಿಲ್ಲವಲ್ಲ! ಬದುಕುಳಿದೆವೆಂದು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ, ತಡವಾಯಿತೆಂದಷ್ಟೇ ಗೊತ್ತು. ಮಂಜಿನ ಬೆಳಗ್ಗೆ ಬೆಂಗಳೂರಿನಲ್ಲಿ ಕೌಂಟರಿನ ಹುಡುಗಿಯ ಮೇಲೆ ರೇಗುವ ನಾವೂ ಹಾರಲೇಬೇಕೆಂಬ ಒತ್ತಡದ ಪಾಲುದಾರರೇ. ಆದರೂ ಪ್ರಯಾಣಿಕರ ರೇಗಾಟ ಆ ಬೆಳಗಿಗೇ ಮುಗಿಯುತ್ತದೆ. ಕ್ಯಾಪ್ಟನ್ ಮರುದಿನ ಮತ್ತೆ ಡ್ಯೂಟಿಗೆ ಬರಬೇಕು. ನಿನ್ನೆ ಏಕೆ ಹಾರಲಿಲ್ಲ ಎಂದು ಮೇಲಧಿಕಾರಿ ಯಾವ ದನಿಯಲ್ಲಿ ಕೇಳುತ್ತಾರೆ ಎಂಬುದನ್ನು ಉಳಿದ ಪೈಲಟ್‌ಗಳೆಲ್ಲ ಕಿವಿಗೊಟ್ಟು ಆಲಿಸುತ್ತಿರುತ್ತಾರೆ.